ನಮ್ಮೋರು ಮುಂದೆ

ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹತ್ತಿರ ಸಿದ್ಧಲಿಂಗೇಶನ ಹೋಟೆಲ್ ಇದೆ. ಅದರ ಹೊರಗೋಡೆಯ ಕರಿಹಲಗೆಯಲ್ಲಿ ವರ್ಷವಿಡೀ ಇಡ್ಲಿ, ಅವಲಕ್ಕಿ, ಮಂಡಕ್ಕಿ ಮಿರ್ಚಿ ಎಂದಿರುತ್ತದೆ. ಮತ ಎಣಿಕೆಯ ದಿನ ಮಾತ್ರ ಪೇಂಟರ್ ಪೀರ್ ಸಾಬರು ಬೆಳಗ್ಗೆ ಏಳಕ್ಕೇ ಬಂದು ಅದನ್ನೆಲ್ಲ ಒರೆಸಿ, ಸ್ಕೇಲಿಲ್ಲದೆ ಮೂರು ಉದ್ದ ಗೆರೆ ಎಳೆಯುತ್ತಿದ್ದರು. ಸುತ್ತು, ಮೊದಲ ಖಾನೆ, ಎರಡನೇ ಖಾನೆ, ಅಂತರ. ಇಪ್ಪತ್ತೆಂಟು ವರ್ಷ ಇದು ನಡೆಯಿತು. ಯಾರೂ ಅವರಿಗೆ ಹೇಳಿದ ಕೆಲಸವಲ್ಲ.

ಎಲ್ಲರ ಜೇಬಿಗೂ ಮೊಬೈಲ್ ಬಂದ ಮೇಲೂ ಜನ ಆ ಹಲಗೆಯ ಮುಂದೆ ನಿಲ್ಲುವುದನ್ನು ಬಿಡಲಿಲ್ಲ. "ಮೊಬೈಲ್ನಾಗ ಬಂದಿದ್ದು ಸುದ್ದಿ, ಪೀರ್ ಸಾಬ್ರು ಬರ್ದಿದ್ದು ರಿಸಲ್ಟು" ಎಂದು ನಿವೃತ್ತ ಕಂಡಕ್ಟರ್ ಪಂಚಾಕ್ಷರಪ್ಪನವರು ಪ್ರತಿ ಸಲವೂ ಹೇಳುತ್ತಿದ್ದರು.

ಈ ಸಲದ ಲೋಕಸಭೆ ಎಣಿಕೆಯ ದಿನ ಆ ನಂಬಿಕೆ ಸತ್ತಿತು. ಹೇಗೆ ಸತ್ತಿತೆಂದು ಬರೆಯದಿದ್ದರೆ ಕೊಂದವರ ಪಟ್ಟಿಗೆ ನಾನೂ ಸೇರುತ್ತೇನೆ. ಈಗಾಗಲೇ ಅರ್ಧ ಸೇರಿದ್ದೇನೆ.

ಪೀರ್ ಸಾಬರಿಗೆ ಅರವತ್ಮೂರು. ಹುಟ್ಟಿದ್ದು ಶಿರಾಳಕೊಪ್ಪದಲ್ಲಿ. ಅಪ್ಪ ಮನೆಮನೆಗೆ ಸುಣ್ಣ ಬಳಿಯುತ್ತಿದ್ದರು, ಮಗ ಆ ಸುಣ್ಣದ ಮೇಲೆ ಅಕ್ಷರ ಬರೆಯುವವನಾದ. ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸು, ಅಷ್ಟೇ ಓದು. ಸೊರಬದ ಕಡೆ ಹೋಗುವ ಎಷ್ಟೋ ಬಸ್ಸುಗಳ ಬೋರ್ಡು ಅವರ ಕೈಯದು. ಕ್ಯಾಸನೂರಿನ ಸುತ್ತ ಮಂಗನಕಾಯಿಲೆ ಬಂದ ವರ್ಷ, 'ಕಾಡಿಗೆ ಹೋಗುವ ಮುನ್ನ ಎಣ್ಣೆ ಹಚ್ಚಿಕೊಳ್ಳಿ' ಎಂದು ಗೋಡೆಗೋಡೆಗೆ ಬರೆದು, ತಾವು ಹಚ್ಚಿಕೊಳ್ಳುವುದನ್ನು ಮರೆತು ಹೆಂಡತಿ ಅಫ್ಸರ್ ಬೇಗಂ ಅವರಿಂದ ಬೈಸಿಕೊಂಡರು. ನಲವತ್ತೆರಡರಲ್ಲೇ ಸ್ವಾತಂತ್ರ್ಯ ಸಾರಿಕೊಂಡ ಈಸೂರಿನ ಒಂದು ಶಾಲೆಯಲ್ಲಿ ಹೆಡ್‌ಮಾಸ್ತರು ಬರೆದುಕೊಟ್ಟ ಚೀಟಿಯಲ್ಲಿ 'ಸ್ವಾತಂತ್ರ' ಎಂದಿತ್ತಂತೆ. ಇವರು ಯ ಒತ್ತು ಸೇರಿಸಿ ಬರೆದರು. "ನಾನು ಕೊಟ್ಟಂಗೆ ಬರೀರಿ" ಎಂದು ಮಾಸ್ತರು ರೇಗಿದರೆ, "ಸಾರ್, ಈ ಊರಾಗ ಆ ಪದ ತಪ್ಪು ಬರದ್ರ ಗೋಡೆನೇ ನಗತೈತ್ರಿ" ಎಂದರಂತೆ. ಅಕ್ಷರದ ವಿಷಯದಲ್ಲಿ ಅಷ್ಟು ಹಟ. ಮನುಷ್ಯರ ವಿಷಯದಲ್ಲಿ ಇಷ್ಟು ಎಚ್ಚರ ಇದ್ದಿದ್ದರೆ ಚೆನ್ನಾಗಿತ್ತು.

ಹಲಗೆಯ ಕೆಲಸಕ್ಕೆ ಇಬ್ಬರು ಬೇಕು. ಒಳಗೆ ಟಿವಿ ನೋಡಿ ಓದಿ ಹೇಳುವವರು ಒಬ್ಬರು, ಹೊರಗೆ ಬರೆಯುವವರು ಒಬ್ಬರು. ನಡುವೆ ಒಂದು ಕಿಟಕಿ. ಓದುವವರು ಚಿದಂಬರ. ಸೊರಬ ತಾಲೂಕಿನ ಕುಬಟೂರಿನವರು, ಇಲ್ಲಿ ಪತ್ರಬರಹಗಾರರು. ಜಮೀನು, ಮನೆ ಮಾರುವವರ ಕರಾರುಪತ್ರ ಬರೆಯುವುದು ಅವರ ಕಸುಬು. ಬರೆದದ್ದನ್ನು ಎರಡೂ ಕಡೆಯವರಿಗೆ ಗಟ್ಟಿಯಾಗಿ ಓದಿ ಹೇಳಿ ಹೇಳಿ ಗಂಟಲು ಕಂಚಿನಂತಾಗಿತ್ತು.

ಇಬ್ಬರ ಸ್ನೇಹ ಶುರುವಾದದ್ದು ಬಗರ್‌ಹುಕುಂ ಗಲಾಟೆಯ ಕಾಲದಲ್ಲಿ. ಜಮೀನಿಲ್ಲದವರ ಅರ್ಜಿಯನ್ನು ಚಿದಂಬರ ಬರೆದುಕೊಟ್ಟರು, ಗೋಡೆಬರಹವನ್ನು ಪೀರ್ ಸಾಬರು ಬರೆದರು. ಅಂದಿನಿಂದ ಇಬ್ಬರದೂ ಒಂದೇ ಪಕ್ಷ, ಒಂದೇ ಓಟು, ಸಾಮಾನ್ಯವಾಗಿ ಒಂದೇ ಸೋಲು. ಪ್ರತಿ ಸುತ್ತಿಗೂ ಅಭ್ಯರ್ಥಿಯ ಪೂರ್ತಿ ಹೆಸರು ಕೂಗುವುದು ಯಾಕೆಂದು ಇಬ್ಬರೂ ಮೊದಲ ವರ್ಷವೇ ಒಂದು ಪದ್ಧತಿ ಮಾಡಿಕೊಂಡರು. ಚಿದಂಬರ ಕಿಟಕಿಯಿಂದ "ಎದುರಿನೋರು" ಎಂದರೆ ಮೊದಲ ಖಾನೆ, "ನಮ್ಮೋರು" ಎಂದರೆ ಎರಡನೆಯದು. ಇದು ಹೋಟೆಲಿನ ಎಲ್ಲರಿಗೂ ಗೊತ್ತಿತ್ತು. "ನಮ್ಮೋರು ಅಂದ್ರೆ ಸೋಲೋರು ಅಂತ ಅರ್ಥ ಕಣ್ರಿ" ಎಂದು ಸಿದ್ಧಲಿಂಗೇಶ ಗಲ್ಲಾದಿಂದ ಕೂಗುತ್ತಿದ್ದ. ಎದುರು ಪಕ್ಷದವರೂ ನಗುತ್ತಿದ್ದರು. ಹಾಗೆ ನಗಬಹುದಾದ ಒಂದು ಕಾಲ ಈ ಊರಲ್ಲಿ ಇತ್ತು. ಇದನ್ನು ಕತೆಯೆಂದುಕೊಳ್ಳಬೇಡಿ.

ಈ ಸಲ ಬೆಳಗ್ಗೆಯಿಂದಲೇ ಹೋಟೆಲ್ ತುಂಬಿತ್ತು. ಟಿವಿಯ ಮೇಲ್ಭಾಗದಲ್ಲಿ ದಿಲ್ಲಿಯ ಲೆಕ್ಕ ಓಡುತ್ತಿತ್ತು, ಕೆಳಗೆ ಜಿಲ್ಲೆಯದು. 

"ಯಾರು ಗೆದ್ರೂ ನಮ್ಮ ಓಣಿ ಗುಂಡಿ ತುಂಬಂಗಿಲ್ಲ ಬಿಡ್ರಿ" ಎಂದರು ಪಂಚಾಕ್ಷರಪ್ಪ.

"ಗುಂಡಿ ತುಂಬಿದ್ರೆ ಮುಂದಿನ ಸಲ ಏನಂತ ಭಾಷಣ ಮಾಡ್ತಾರ್ರಿ? ಅವರ ಹೊಟ್ಟೆಗೂ ಏನಾರ ಬೇಕಲ್ಲ" ಎಂದ ಸಿದ್ಧಲಿಂಗೇಶ.

ಮೊಬೈಲ್ ಅಂಗಡಿಯ ಮಹಾಂತೇಶ ನಗಲಿಲ್ಲ. ಅವನು ಮೊದಲ ಖಾನೆಯವರ ಬೂತ್ ಮುಖಂಡ. "ಕಾಕಾ, ಇದು ಗುಂಡಿ ಎಲೆಕ್ಷನ್ ಅಲ್ಲ, ದೇಶದ ಎಲೆಕ್ಷನ್ನು" ಎಂದ.

"ಹೌದಪ್ಪಾ, ಗುಂಡಿನೂ ದೇಶದಾಗೇ ಐತಿ" ಎಂದರು ಪಂಚಾಕ್ಷರಪ್ಪ.

ಚಿದಂಬರ ಎಂದಿನ ಕುರ್ಚಿಯಲ್ಲಿ ಕೂತಿದ್ದರು. ಆದರೆ ಎಂದಿನ ಹಾಗೆ ಓದುತ್ತಿರಲಿಲ್ಲ. ಮೊದಲ ಐದು ಸುತ್ತು "ಮೊದಲ ಖಾನೆ ಇಷ್ಟು, ಎರಡನೇ ಖಾನೆ ಇಷ್ಟು" ಎಂದು ಪತ್ರ ಓದುವವರ ಹಾಗೆ ಓದಿದರು. ಪೀರ್ ಸಾಬರು ಕಿಟಕಿಯ ಸರಳು ಹಿಡಿದು ಬಗ್ಗಿ ಕೇಳಿದರು: "ಏನ್ ಚಿದಂಬ್ರಣ್ಣ, ಇವತ್ತು ಸಬ್ ರಿಜಿಸ್ಟ್ರಾರ್ ಮುಂದೆ ನಿಂತಂಗೆ ಓದ್ತೀರಲ್ಲ?"

"ಜನ ಇದಾರೆ ಮಾರಾಯ್ರೆ. ಬರೀರಿ ಸುಮ್ಮನೆ" ಎಂದರು ಚಿದಂಬರ.

ಪೀರ್ ಸಾಬರು ಅದನ್ನು ಜಾಣತನ ಎಂದುಕೊಂಡರು. ಕಾಲ ಸರಿಯಿಲ್ಲ, ಇಂಥಾ ಪಕ್ಷ ಎಂದು ತೋರಿಸಿಕೊಳ್ಳುವುದು ಬೇಡ ಎಂದಿರಬೇಕು ಎಂದುಕೊಂಡರು. ಬಸ್ಸಿನ ಬೋರ್ಡು ಬದಲಾಗಿದೆ ಎಂದು ಅವರಿಗೆ ಹೊಳೆಯಲಿಲ್ಲ.

ಐದು ಸುತ್ತು ಇಬ್ಬರೂ ಸಮಸಮ. ಇನ್ನೂರು ಈ ಕಡೆ, ನಾನೂರು ಆ ಕಡೆ. ಹತ್ತೂವರೆಗೆ ಆರನೇ ಸುತ್ತಿನ ಅಂಕಿ ಬಂತು. ಚಿದಂಬರ ಕುರ್ಚಿಯಿಂದ ಎದ್ದೇಬಿಟ್ಟರು. ಕಂಚಿನ ಗಂಟಲು ಕಿಟಕಿ ದಾಟಿ ರಸ್ತೆಗೆ ಕೇಳಿಸಿತು:

"ನಮ್ಮೋರು ಮುಂದೆ! ಹನ್ನೊಂದು ಸಾವಿರ!"

ಪೀರ್ ಸಾಬರು ಸೀಮೆಸುಣ್ಣ ಎತ್ತಿದರು. ಆದರೂ ಕಸುಬಿನವರು, ಇನ್ನೊಮ್ಮೆ ಕೇಳಿದರು. "ಯಾರು ಅಂದ್ರಿ ಅಣ್ಣಾ?"

"ನಮ್ಮೋರೇ ಮಾರಾಯ್ರೆ, ನಮ್ಮೋರು!"

ಎರಡನೇ ಖಾನೆಯಲ್ಲಿ, ತಮ್ಮ ಜೀವನದ ಅತಿ ದುಂಡನೆಯ ಅಕ್ಷರದಲ್ಲಿ, ಪೀರ್ ಸಾಬರು ಬರೆದರು: ಮುನ್ನಡೆ, 11,000.

ಟಿವಿಯಲ್ಲಿ ಮುಂದಿದ್ದದ್ದು ಮೊದಲ ಖಾನೆಯವರು.

ಒಂದು ಮಾತನ್ನು ಸ್ಪಷ್ಟ ಹೇಳುತ್ತೇನೆ. ಚಿದಂಬರ ಯಾರಿಗೆ ಓಟು ಹಾಕಬೇಕೆನ್ನುವುದು ಚಿದಂಬರ ಅವರ ಹಕ್ಕು. ನಿನ್ನೆ ಒಬ್ಬರಿಗೆ, ಇಂದು ಇನ್ನೊಬ್ಬರಿಗೆ. ಅದಕ್ಕಾಗಿಯೇ ಚುನಾವಣೆ ಇರುವುದು. ನನ್ನ ತಕರಾರು ಅದಲ್ಲ. 'ನಮ್ಮೋರು' ಎನ್ನುವ ಪದ ಇಬ್ಬರ ಜಂಟಿ ಖಾತೆಯಲ್ಲಿತ್ತು. ಒಬ್ಬರು ಸದ್ದಿಲ್ಲದೆ ಅದನ್ನು ಬೇರೆ ಕಡೆ ವರ್ಗ ಮಾಡಿಕೊಂಡರು, ಇನ್ನೊಬ್ಬರಿಗೆ ನೋಟೀಸೂ ಹೋಗಲಿಲ್ಲ.

ಹಲಗೆಯ ಮುಂದಿದ್ದ ಯಾರೋ ಪೀರ್ ಸಾಬರ ಸಮೇತ ಅದರ ಫೋಟೋ ಹೊಡೆದರು. ಫೋಟೋ ಶಿರಾಳಕೊಪ್ಪಕ್ಕೆ ಹೋಯಿತು, ಸೊರಬಕ್ಕೆ ಹೋಯಿತು, ಎಲ್ಲೆಲ್ಲಿಗೆ ಹೋಯಿತೋ. ಪೀರ್ ಸಾಬರ ಮನೆಯ ಕಡೆಯ ಓಣಿಯಲ್ಲಿ ಒಂದು ಪಟಾಕಿ ಸರ ಸಿಡಿಯಿತು. ಅದು ಸಿಡಿದು ಮುಗಿಯುವುದರೊಳಗೆ ಮಹಾಂತೇಶ ಹೊರಗೆ ಬಂದು ಹಲಗೆಯ ಮುಂದೆ ನಿಂತಿದ್ದ. ಹಿಂದೆ ಹತ್ತಿಪ್ಪತ್ತು ಜನ.

"ಏನ್ ಸಾಬ್ರೆ ಇದು?"

ಪೀರ್ ಸಾಬರು ಒಳಗೆ ಇಣುಕಿ ಟಿವಿ ನೋಡಿದರು, ಹಲಗೆ ನೋಡಿದರು. "ಅಯ್ಯೋ, ಅದಲುಬದಲಾಗೈತೆ. ಈಗ ಒರಸ್ತೀನಿ ತಡಿ" ಎಂದು ಬಟ್ಟೆ ತೆಗೆದುಕೊಂಡರು.

ಮಹಾಂತೇಶ ಅವರ ಕೈ ಹಿಡಿದ. "ಒರಸಬ್ಯಾಡ. ಇರ್ಲಿ. ಪಟಾಕಿ ಹೊಡಿಲಿ ಅಂತ ಬೇಕಂತ್ಲೇ ಬರ್ದಿದ್ದು ಇದು."

"ಇಲ್ಲಪ್ಪ, ಕೇಳಿದ್ದು ಬರ್ದೆ."

"ಉರ್ದು ಬರದಂಗೆ ಬಲಗಡೆಯಿಂದ ಬರದ್ಯೇನೋ ಸಾಬಿ?" ಎಂದಿತು ಹಿಂದಿನಿಂದ ಒಂದು ಧ್ವನಿ. ಜನ ನಕ್ಕರು.

ಪೀರ್ ಸಾಬರಿಗೆ ಉರ್ದು ಓದಲು ಬರುವುದಿಲ್ಲ. ಜೀವಮಾನವಿಡೀ ಬರೆದದ್ದು ಕನ್ನಡ. ಆ ನಗುವಿನಲ್ಲಿದ್ದ ಅರ್ಧ ಜನರಿಗಿಂತ ಚೆನ್ನಾಗಿ, ತಪ್ಪಿಲ್ಲದೆ ಬರೆದ ಕನ್ನಡ. ಆದರೆ ಅವರು ಕಿಟಕಿಯ ಕಡೆ ತಿರುಗಿ ಹೇಳಿದ್ದು ಇಷ್ಟೇ: "ಚಿದಂಬ್ರಣ್ಣ ಹೇಳಿದ್ನೇ ನಾನು ಬರ್ದಿದ್ದು. ಅವ್ರನ್ನೇ ಕೇಳ್ರಿ."

ಎಲ್ಲರೂ ಕಿಟಕಿ ನೋಡಿದರು. ಒಂದು ಸಾಲು ಸಾಕಿತ್ತು. 'ನಾನು ನಮ್ಮೋರು ಅಂದೆ, ಅವರು ಹಳೇ ಲೆಕ್ಕದಲ್ಲಿ ಬರೆದರು.' ನಕ್ಕು ಮುಗಿಯುತ್ತಿತ್ತು. ಸಿದ್ಧಲಿಂಗೇಶ ಒಂದು ಜೋಕು ಕಟ್ಟುತ್ತಿದ್ದ, ಅದು ಹತ್ತು ವರ್ಷ ಓಡುತ್ತಿತ್ತು. ಈ ಚಿದಂಬರ ಬರೆದ ಎಷ್ಟು ಪತ್ರಗಳಿಗೆ ಪೀರ್ ಸಾಬರು ಸಾಕ್ಷಿ ಹಾಕಿದ್ದಾರೋ ಲೆಕ್ಕವಿಲ್ಲ. ಮಳೆಯಲ್ಲಿ, ಜ್ವರದಲ್ಲಿ, ಕೆಲಸ ಬಿಟ್ಟು ಬಂದು ಹಾಕಿದ್ದಾರೆ. ಅವರಿಗೆ ಸಾಕ್ಷಿ ಬೇಕಾದದ್ದು ಇದೊಂದೇ ಸಲ.

ಚಿದಂಬರ ಮಹಾಂತೇಶನನ್ನು ನೋಡಿದರು, ಜನರನ್ನು ನೋಡಿದರು. ಪೀರ್ ಸಾಬರನ್ನು ನೋಡಲಿಲ್ಲ.

"ನಾನು ಸರಿಯಾಗೇ ಓದಿದೀನಿ" ಎಂದರು.

ಇದು ಸುಳ್ಳಲ್ಲ. ಸುಳ್ಳಾಗಿದ್ದರೆ ಕ್ಷಮಿಸಬಹುದಿತ್ತು. ಅವರ ಮಟ್ಟಿಗೆ ಸರಿಯಾಗಿಯೇ ಓದಿದ್ದರು. ಅವರ ನಮ್ಮೋರು ಮುಂದಿದ್ದರು. ಪತ್ರ ಬರೆಯುವವರಿಗೆ ಗೊತ್ತಿರುತ್ತದೆ, ಒಂದೂ ಸುಳ್ಳು ಪದವಿಲ್ಲದೆ ಮನುಷ್ಯನ ಮನೆ ಹೇಗೆ ಬರೆಸಿಕೊಳ್ಳಬಹುದೆಂದು.

'ನಮ್ಮೋರು' ಎಂದು ಎರಡು ಸಲ ಕೂಗಿದ್ದು ಹೋಟೆಲಿಗೆಲ್ಲ ಕೇಳಿಸಿತ್ತು. ಸಿದ್ಧಲಿಂಗೇಶ ಗಲ್ಲಾ ಒರೆಸುತ್ತ ತಲೆ ಬಗ್ಗಿಸಿದ. ಪಂಚಾಕ್ಷರಪ್ಪ "ಹೋಗ್ಲಿ ಬಿಡ್ರಪಾ, ವಯಸ್ಸಾಗೈತಿ ಆತಗ" ಎಂದರು. ಕರುಣೆಯ ವೇಷದ ತೀರ್ಪು. ಕಿಟಕಿಯ ಪಕ್ಕದ ಬೆಂಚಿನಲ್ಲಿದ್ದ ನನಗೂ ಕೇಳಿಸಿತ್ತು. ನಾನು ಚಹಾ ಕುಡಿಯುತ್ತಿದ್ದೆ. ಕುಡಿಯುತ್ತಲೇ ಇದ್ದೆ.

"ಹಂಗಾದ್ರೆ ಬರಿ. ಅದೇ ಬೋರ್ಡ್ ಮ್ಯಾಲೆ ಬರಿ, ಬೇಕಂತ ತಪ್ಪು ಬರ್ದೆ, ಕ್ಷಮಿಸಿ ಅಂತ" ಎಂದ ಮಹಾಂತೇಶ.

"ತಪ್ಪಾಯ್ತು ಅಂತ ಬರೀತೀನಿ. ಬೇಕಂತ ಅಂತ ಬರೆಯಲ್ಲ. ಅದು ಸುಳ್ಳು" ಎಂದರು ಪೀರ್ ಸಾಬರು.

ಸ್ವಲ್ಪ ಹೊತ್ತು ಕೂಗಾಟ. ಯಾರೋ ಅವರ ಭುಜ ತಳ್ಳಿದರು. ಬೆಂಚಿನ ಮೇಲಿದ್ದ ಸೀಮೆಸುಣ್ಣದ ಡಬ್ಬಿ ಚೆಲ್ಲಿತು. ಅಷ್ಟರಲ್ಲಿ ಮಗಳು ಸಬಿಹಾಳ ಫೋನು ಬಂತು. ಆ ಫೋಟೋ ಅವಳು ಕೆಲಸ ಮಾಡುವ ಶಾಲೆಯ ವಾಟ್ಸಾಪ್ ಗುಂಪಿಗೂ ಬಂದಿದೆ, 'ಇದು ನಿಮ್ಮ ತಂದೆಯಾ' ಎಂದು ಕೇಳುತ್ತಿದ್ದಾರೆ ಎಂದಳಂತೆ. ಪೀರ್ ಸಾಬರು ಫೋನು ಜೇಬಿಗಿಟ್ಟರು. ಹಲಗೆ ಒರೆಸಿದರು. ಮಹಾಂತೇಶ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದರು. 'ಬೇಕೆಂದೇ ತಪ್ಪು ಬರೆದೆ. ಕ್ಷಮಿಸಿ. ಪೀರ್ ಸಾಬ್.' ಒಂದು ಒತ್ತೂ ಬಿಡಲಿಲ್ಲ, ಒಂದು ಸಾಲೂ ಡೊಂಕಾಗಲಿಲ್ಲ. ಅದರ ಪಕ್ಕ ನಿಲ್ಲಿಸಿ ಫೋಟೋ ತೆಗೆದರು. ಸಂಜೆಯ ಹೊತ್ತಿಗೆ ಮೊದಲ ಫೋಟೋವನ್ನು ಎಲ್ಲರೂ ಮರೆತರು. ಎರಡನೆಯದು ಇವತ್ತಿಗೂ ಓಡಾಡುತ್ತಿದೆ. ಓಣಿಯ ಹಿರಿಯರೂ ಬಂದು ಬೈದು ಹೋದರು: "ನಿನ್ನಿಂದ ನಮಗೆಲ್ಲ ಕೆಟ್ಟ ಹೆಸರು. ಆ ಹಲಗೆ ಉಸಾಬರಿ ಯಾಕೆ ಬೇಕಿತ್ತು?"

ದಿಲ್ಲಿಯಲ್ಲಿ ಯಾರು ಬಂದರು, ಎಷ್ಟು ಸೀಟು ಎಂದು ಆಮೇಲೆ ವಾರಗಟ್ಟಲೆ ಚರ್ಚೆಯಾಯಿತು. ಪ್ರಜಾಪ್ರಭುತ್ವ ಉಳಿಯಿತೆಂದು ಒಬ್ಬರು, ಅಳಿಯಿತೆಂದು ಇನ್ನೊಬ್ಬರು. ಸಿದ್ಧಲಿಂಗೇಶನ ಹೋಟೆಲಿನಲ್ಲಿ ಅದರ ಲೆಕ್ಕ ಅಂದು ಬೆಳಗ್ಗೆ ಹತ್ತೂವರೆಗೇ ಮುಗಿದಿತ್ತು.

ಒಂಬತ್ತು ದಿನದ ಮೇಲೆ ಚಿದಂಬರ ಪೀರ್ ಸಾಬರ ಮನೆಗೆ ಬಂದರು. ಮಧ್ಯಾಹ್ನ, ಓಣಿಯಲ್ಲಿ ಜನರಿಲ್ಲದ ಹೊತ್ತು. ಅಫ್ಸರ್ ಬೇಗಂ ಚಹಾ ಕೊಟ್ಟು ಒಳಗೆ ಹೋದರು.

"ಬಾಯ್ ತಪ್ಪಿ ಬಂತು ಪೀರ್ ಸಾಬ್ರೆ. ನಂದೇ ತಪ್ಪು. ನೀವು ಬರ್ದಿದ್ದು ಸರೀನೇ ಇತ್ತು."

"ಬಾಯ್ ತಪ್ಪಿಲ್ಲ ಅಣ್ಣಾ, ನನ್ನ ಕಿವಿ ಹಳೇದು" ಎಂದರು ಪೀರ್ ಸಾಬರು. ಆಮೇಲೆ ಕೇಳಿದರು: "ಇದೇ ಮಾತು ಹೋಟ್ಲಾಗೆ ಹೇಳ್ತೀರಾ?"

ಚಿದಂಬರ ಲೋಟ ಕೆಳಗಿಟ್ಟರು. "ಈಗ ಎಲ್ಲಾ ತಣ್ಣಗಾಗಿದೆ ಮಾರಾಯ್ರೆ. ಎಂತಕ್ಕೆ ಕೆದಕೋದು? ನಿಮಗೇ ತೊಂದರೆ."

"ಸರಿ" ಎಂದರು ಪೀರ್ ಸಾಬರು. ಬಾಗಿಲವರೆಗೆ ಹೋಗಿ ಬೀಳ್ಕೊಟ್ಟರು.

ಅಫ್ಸರ್ ಬೇಗಂ ಹೊರಗೆ ಬಂದು ಲೋಟ ಎತ್ತಿಕೊಂಡರು. "ಏನಂದ್ರು?"

"ಸತ್ಯ ಹೇಳಿದ್ರು."

"ಯಾರಿಗೆ?"

"ನನಗೆ."

"ಅದು ನಿಮಗೆ ಗೊತ್ತೇ ಇತ್ತಲ್ಲ" ಎಂದು ಅವರು ಲೋಟ ತೊಳೆಯಲು ಒಳಗೆ ಹೋದರು.