ಹಿಂದೆ ಬರುವವರಿಗೊಂದು ದೀಪ

ಕಾಕಾನ ಬಲ ಮೊಣಕೈ ಊಟಕ್ಕೆ ಕೂತಾಗಲೂ ಕೋಳಿಯ ರೆಕ್ಕೆಯ ಹಾಗೆ ಮೇಲೆದ್ದೇ ಇರುತ್ತಿತ್ತು. ಮದುವೆಯ ಪಂಕ್ತಿಯಲ್ಲಿ ಅವನ ಬಲಕ್ಕೆ ಕೂತವರ ಸಾರು ಎಲೆ ದಾಟುವುದು ಖಾತ್ರಿ. ಮಣ್ಣಿನ ಟ್ರ್ಯಾಕಿನಲ್ಲಿ ರೇಸಿನ ಬೈಕು ಓಡಿಸುವವರು ಮೊಣಕೈ ಎತ್ತಿಯೇ ಹಿಡಿಯಬೇಕಂತೆ. ಬಿದ್ದು ಮಣಿಕಟ್ಟು ಮುರಿದುಕೊಂಡು ರೇಸು ಬಿಟ್ಟ ಮೇಲೂ ಆ ಕೈ ಕೆಳಗಿಳಿಯಲಿಲ್ಲ.

ಅಪ್ಪನ ತಮ್ಮ ಅವನು. ಸೋಲಾಪುರದ ನಮ್ಮ ಚಾದರದ ಅಂಗಡಿಯಲ್ಲಿ ವಾರವಿಡೀ ಗಂಭೀರನಾಗಿ ಮಡಿಕೆ ಬಿಚ್ಚಿ ತೋರಿಸುತ್ತಿದ್ದ. ಭಾನುವಾರ ಮಣ್ಣು ತಿಂದು ಬರುತ್ತಿದ್ದ. ಅವನದು ಹಳೆಯ ಟೂ-ಸ್ಟ್ರೋಕ್ ಗಾಡಿ. ಕಾಗದಪತ್ರಗಳೆಲ್ಲ ಸರಿಯಾಗಿದ್ದವು, ಆದರೆ ಭಾರ ಕಡಿಮೆ ಮಾಡಲೆಂದು ದೀಪ, ಬ್ಯಾಟರಿ, ಚಾರ್ಜ್ ಮಾಡುವ ಕಾಯಿಲು ಎಲ್ಲವನ್ನೂ ಎಂದೋ ಕಿತ್ತು ಹಾಕಿದ್ದ. ಇಂಜಿನ್ನಿಗೆ ಕಿಡಿ ಕೊಡುವಷ್ಟು ಕರೆಂಟು ಮಾತ್ರ ಅದರಲ್ಲಿ ಹುಟ್ಟುತ್ತಿತ್ತು. ಮಣಿಕಟ್ಟು ಮುರಿದಂದಿನಿಂದ ಅದು ಅಂಗಳದಲ್ಲಿ ನಿಂತಿತ್ತು. "ಗುಜರಿಗಿ ಹಾಕ್ರಿ ಅದನ್ನ" ಎಂದು ಅವನ ಹೆಂಡತಿ, ನಮ್ಮ ಕಾಕು, ದಿನಾ ಹೇಳುತ್ತಿದ್ದಳು, ಕಾಕಾ ದಿನಾ ಕಿವುಡನಾಗುತ್ತಿದ್ದ.

ಕಾಕುವಿಗೂ ಅವಳದೇ ಹಟವಿತ್ತು. ತಿಂಗಳಿಗೊಂದು ಗುರುವಾರ ಓಣಿಯ ಹೆಂಗಸರನ್ನು ಕಟ್ಟಿಕೊಂಡು ಅಕ್ಕಲಕೋಟಕ್ಕೆ ಸ್ವಾಮಿಗಳ ದರ್ಶನಕ್ಕೆ ನಡೆದು ಹೋಗುವಳು. ನಾನೂ ಅವಳ ಬಾಲ. ಬಿಸಿಲೇರುವ ಮೊದಲು ಅರ್ಧ ದಾರಿ ಸಾಗಬೇಕೆಂದು ಕತ್ತಲಿರುವಾಗಲೇ ಹೊರಡುತ್ತಿದ್ದೆವು. ಒಂದು ಸಲ ದಾರಿಯ ಮೇಲಿನ ಕುಂಭಾರಿ ಊರಿನ ಹತ್ತಿರ ಹಿಂದಿನಿಂದ ಬಂದ ಟೆಂಪೊ ಅವಳ ಸೆರಗು ಸವರಿಕೊಂಡು ಹೋಯಿತು. ಕೈಚೀಲ ಹಾರಿ ಹೊಲಕ್ಕೆ ಬಿತ್ತು. ಒಂದು ಗೇಣು ಈಚೆ ಬಂದಿದ್ದರೆ ಕಾಕು ಉಳಿಯುತ್ತಿರಲಿಲ್ಲ.

"ಇನ್ನ ಮ್ಯಾಲ ನಡಕೋತ ಹೋಗೂದು ಬಂದ್" ಎಂದ ಕಾಕಾ.

"ನೀವು ಬಿದ್ದು ಕೈ ಮುರಕೊಂಡಾಗ ನಾ ಏನರ ಬಂದ್ ಮಾಡಿದ್ನೇನ್ರಿ?" ಎಂದಳು ಕಾಕು.

ಮಾಡಿರಲಿಲ್ಲ. ಕಾಕಾ ಅಂಗಳಕ್ಕೆ ಹೋಗಿ ಗಾಡಿಯ ಮೇಲಿನ ಗೋಣಿಚೀಲ ತೆಗೆದ.

ಗಾಡಿಯ ಮುಂದೆ ದೊಡ್ಡದೊಂದು ಹ್ಯಾಲೋಜನ್ ದೀಪ ಬಂತು. ಸೀಟಿನ ಹಿಂದೆ ಹಳೆಯ ಚಾದರದ ತುಂಡಿನಲ್ಲಿ ಸುತ್ತಿದ ಬ್ಯಾಟರಿ ಕೂತಿತು. ಅದನ್ನು ಬುಧವಾರ ರಾತ್ರಿ ಮನೆಯಲ್ಲೇ ಚಾರ್ಜ್ ಮಾಡಬೇಕು. "ನಮ್ಮ ಹಿಂದ ಬರಾಕ ಅಂಗಡಿ ಸ್ಕೂಟರ್ ಐತೆಲ್ಲ ಕಾಕಾ" ಎಂದೆ. "ಅದರ ಮ್ಯಾಲ ಕುಂತ್ರ ನನಗ ನಿದ್ದಿ ಬರ್ತೈತಿ" ಎಂದ.

ಮುಂದಿನ ತಿಂಗಳ ಗುರುವಾರ ಗಾಡಿ ತಂದು ನಮ್ಮ ಬೆನ್ನ ಹಿಂದೆ ಹಗಲೇ ಮಾಡಿಬಿಟ್ಟ. ಆದರೆ ಬೆಳಕು ಹಿಂದಿನಿಂದ ಬಿದ್ದಾಗ ನಮ್ಮ ನೆರಳೇ ಉದ್ದಕ್ಕೆ ಮುಂದೆ ಮಲಗಿ ದಾರಿಯ ತಗ್ಗುಗಳನ್ನೆಲ್ಲ ಮುಚ್ಚಿಬಿಟ್ಟಿತು. ಕಾಕು ಒಂದು ತಗ್ಗಿನಲ್ಲಿ ಕಾಲಿಟ್ಟು ಮುಗ್ಗರಿಸಿದಳು. ಕುಂಭಾರಿ ಮುಟ್ಟುವ ಮೊದಲೇ ದೀಪ ಹಳದಿಯಾಗಿ, ಕೆಂಪಾಗಿ, ಆರಿಯೂ ಹೋಯಿತು. ಇಂಜಿನ್ ಎಷ್ಟು ಒದರಿದರೂ ದೀಪಕ್ಕೆ ಹನಿ ಕರೆಂಟಿಲ್ಲ.

ಕಾಕು ಕಾಲು ತಿಕ್ಕಿಕೊಳ್ಳುತ್ತ ಹೇಳಿದಳು: "ನಮ್ಮ ದಾರಿ ನಮಗ ಕಾಣತೈತ್ರಿ. ಹಿಂದ ಬರಾವ್ಗ ನಾವ್ ಕಾಣೂದಿಲ್ಲ."

ಹದಿನಾರಾಣೆ ಸತ್ಯದ ಮಾತು. ಕಾಕಾ ಅಲ್ಲೇ ರಸ್ತೆಯ ಬದಿಗೆ ಕೂತು ಬಹಳ ಹೊತ್ತು ತಲೆ ಕೆರೆದುಕೊಂಡ. ಆ ವಾರವೇ ಹ್ಯಾಲೋಜನ್ ಹೋಗಿ ಮುಂದೆ ಸಣ್ಣ ಎಲ್‌ಇಡಿ ಬಂತು. ಹಿಂದೆ ಅಂಗೈಯಗಲದ ಕೆಂಪು ದೀಪ. "ಇದರಾಗ ದಾರ‍್ಯಾಗ ರೊಟ್ಟಿ ಬಡಿಯಾವ್ರಿಲ್ಲ" ಎಂದು ನನಗೆ ವಿವರಿಸಿದ. "ಬ್ಯಾಟರಿ ಅಂದ್ರ ಮನಿಯಿಂದ ಕಟಗೊಂಡ ಬುತ್ತಿ ಅಷ್ಟ. ನೋಡಿ ಉಣಬೇಕು."

ಅಂದಿನಿಂದ ಅವನದೊಂದು ಕ್ರಮವಾಯಿತು. ನಮ್ಮ ಹಿಂದೆ ಇಂಜಿನ್ ಬಂದ್ ಮಾಡಿ, ಕೆಂಪು ದೀಪವೊಂದನ್ನೇ ಉರಿಸಿಕೊಂಡು ರಸ್ತೆಯಂಚಿಗೆ ನಿಲ್ಲುವನು. ನಾವು ಸ್ವಲ್ಪ ದೂರ ಸಾಗುತ್ತಲೇ ಗಾಡಿ ಒದ್ದು, ಮೊಣಕೈ ಎತ್ತಿ ಬಂದು ಮತ್ತೆ ನಮ್ಮ ಹಿಂದೆಯೇ ನಿಲ್ಲುವನು. ಮುಂದೆ ಹೋಗಲೇ ಇಲ್ಲ. ಬೆಳಕು ಹರಿದ ಮೇಲೂ ಅಕ್ಕಲಕೋಟದವರೆಗೆ ಹಿಂದೆಯೇ ಬರುವನು. ಗುಡಿಯೊಳಗೆ ಮಾತ್ರ ಬರದೆ ಹೊರಗೆ ಚಹಾ ಕುಡಿಯುತ್ತ ಕೂರುವನು.

"ರೇಸಿನ್ಯಾಗ ಹಿಂಗ ಕಡೀಗಿ ಬರ್ತಿದ್ದೇನು ಕಾಕಾ?" ಎಂದು ನಾನು ಕಾಲೆಳೆದರೆ, "ಅಲ್ಲಿ ಮುಂದ ನಿಮ್ಮ ಕಾಕು ಇರ್ತಿದ್ದಿಲ್ಲ ನೋಡು" ಎನ್ನುತ್ತಿದ್ದ. ಕಾಕು ಕೇಳಿಸದವಳ ಹಾಗೆ ಇನ್ನಷ್ಟು ಬಿರುಸಾಗಿ ನಡೆಯುತ್ತಿದ್ದಳು. ಗುಜರಿಯ ಮಾತು ಮನೆಯಲ್ಲಿ ಮತ್ತೆ ಬರಲಿಲ್ಲ. ಬುಧವಾರ ಬ್ಯಾಟರಿಗೆ ಚಾರ್ಜರ್ ಹಚ್ಚುವವಳೂ ಅವಳೇ ಆದಳು, ಮರುದಿನಕ್ಕೆ ಹಿಟ್ಟು ನಾದಿಟ್ಟಷ್ಟೇ ಸಹಜವಾಗಿ.

ಹೋದ ವರ್ಷ ಕಾಕಾ ತೀರಿಕೊಂಡ. ಮಧ್ಯಾಹ್ನದ ಊಟ ಮುಗಿಸಿ ಅಂಗಡಿಯ ಗಾದಿಯ ಮೇಲೆ ಒರಗಿದವನು ಏಳಲಿಲ್ಲ. ಅವನಿಲ್ಲದ ಊಟದ ಸಾಲಿನಲ್ಲಿ ಎಡಗಡೆ ಅವನ ಮೊಣಕೈಗೆ ಜಾಗ ಬಿಟ್ಟು ಕೂರುವ ರೂಢಿ ನನಗಿನ್ನೂ ಹೋಗಿಲ್ಲ.

ಉತ್ತರಕ್ರಿಯೆಗಳು ಮುಗಿದ ಮೇಲೆ ಬಂದ ಗುರುವಾರ ಕಾಕು ಹೊರಟು ನಿಂತಳು. ಬೆನ್ನ ಮೇಲೆ ನನ್ನ ಹಳೆಯ ಶಾಲಾ ಚೀಲ, ಒಳಗೆ ಚಾದರದ ತುಂಡಿನಲ್ಲಿ ಸುತ್ತಿದ ಬ್ಯಾಟರಿ, ಹೊರಗೆ ಗಾಡಿಯಿಂದ ಬಿಚ್ಚಿ ಹೊಲಿದ ಕೆಂಪು ದೀಪ. ಯಾವಾಗಲೂ ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದವಳು ಅಂದು ಎಲ್ಲರನ್ನೂ ಮುಂದೆ ಬಿಟ್ಟಳು.

"ಚೀಲ ಭಾರ ಐತಿ, ನನಗ ಕೊಡು ಕಾಕು. ನೀ ಮುಂದ ನಡಿ" ಎಂದೆ.

"ಬ್ಯಾಡವಾ. ಇಷ್ಟ ವರ್ಷ ಅವರು ಕಡೀಗಿ ಬಂದ್ರು. ಇನ್ನ ನಾ ಬರ್ತೀನಿ."

ನಾನು ಮುಂದೆ ನಡೆದೆ. ಆ ದೀಪ ಹಿಂದಿನವರಿಗೆ ಹೇಗೆ ಕಾಣುತ್ತದೆಂದು ಇಷ್ಟು ವರ್ಷ ಅದರ ಮುಂದೆಯೇ ನಡೆದ ನನಗೆ ಗೊತ್ತೇ ಇಲ್ಲ. ಕುಂಭಾರಿ ಹತ್ತಿರ ಬಂದಾಗ ಹಿಂದೆ ದೂರದಲ್ಲಿ ಲಾರಿಯ ಸದ್ದು ಕೇಳಿತು. ಆಮೇಲೆ ಆ ಸದ್ದು ತಗ್ಗಿತು. ಲಾರಿ ನಿಧಾನವಾಗಿ ಆಚೆ ಬದಿಗೆ ಸರಿದು, ನಮಗೆ ದಾರಿ ಬಿಟ್ಟು ಮುಂದೆ ಹೋಯಿತು.