ಯಾರೂ ತುಳಿಯದ ಜಾಗ

ಯುದ್ಧದ ಕಾಲ. ನಮ್ಮ ಯಜಮಾನರು ಜಗಳೂರಿನಲ್ಲಿ ಓವರ್ಸಿಯರ್ ಆಗಿದ್ದರು. ಸರ್ಕಾರಿ ಬಂಗಲೆಯ ಮಗ್ಗುಲಲ್ಲೇ ನಮ್ಮ ಮನೆ. ನಾನು ಹೊನ್ನಾಳಿಯವಳು, ಹೊಳೆಯಲ್ಲಿ ಮುಳುಗಿ ಎದ್ದು ಬೆಳೆದವಳು. ಜಗಳೂರಿನಲ್ಲಿ ಒಂದು ಕೊಡ ನೀರಿಗೆ ಬಾವಿಕಟ್ಟೆಯ ಹತ್ತಿರ ನಿಂತು ನಿಂತು ನನ್ನ ಕಾಲೂ ಸೋತಿದ್ದವು, ಸಹನೆಯೂ ಸೋತಿತ್ತು. ದಿನಾ ನನ್ನದು ಒಂದೇ ರಾಗ: "ಹೊನ್ನಾಳಿಗೆ ವರ್ಗಾ ಮಾಡಿಸ್ಕಳ್ರಿ."

ವರ್ಗ ದೊಡ್ಡ ಇಂಜಿನಿಯರ್ ಸಾಹೇಬರ ಕೈಯಲ್ಲಿತ್ತು. ಅವರಿಗೆ ಹುಲ್ಲುಹಾಸಿನ ಹುಚ್ಚು. ಎಲ್ಲಿಗೆ ತಪಾಸಣೆಗೆ ಹೋದರೂ ಸೇತುವೆ ನೋಡುವ ಮೊದಲು ಬಂಗಲೆಯ ಮುಂದೆ ಹಸಿರಿದೆಯೇ ಎಂದು ನೋಡುತ್ತಾರಂತೆ. ಬೇಸಿಗೆಗೆ ಮುಂಚೆ ಜಗಳೂರಿಗೂ ಬರುವವರಿದ್ದರು. ಅವರು ಹುಲ್ಲಿನ ಮೇಲೆ ಕೂತು ಚಹಾ ಕುಡಿದು ಖುಷಿಯಾದ ಗಳಿಗೆ ನೋಡಿ ವರ್ಗದ ಮಾತು ಎತ್ತಬೇಕು ಎನ್ನುವುದು ಯಜಮಾನರ ಹಂಚಿಕೆ.

ಆದರೆ ಜಗಳೂರಿನಲ್ಲಿ ಹುಲ್ಲೆಲ್ಲಿ? ಇದ್ದದ್ದನ್ನು ಕುರಿಗಳು ಬೇರುಸಹಿತ ಮೇಯ್ದಿದ್ದವು. ಕಡೆಗೆ ನನ್ನ ತವರಿನಿಂದಲೇ, ಮಣ್ಣಿನ ಹೆಂಟೆ ಸಮೇತ ಕಿತ್ತ ಹೊಳೆದಂಡೆಯ ಗರಿಕೆ ಒದ್ದೆ ಗೋಣಿಚೀಲಗಳಲ್ಲಿ ಕೂತು, ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸಿನ ತಲೆಯ ಮೇಲೆ ದಾವಣಗೆರೆ ದಾರಿಯಾಗಿ ಬಂತು. "ಹುಲ್ಲಿಗೂ ಟಿಕೇಟ್ ತಗಂಡೀರೇನ್ರಿ?" ಎಂದು ಬಸ್ಸಿನವರು ನಕ್ಕರಂತೆ. ನನಗೆ ತವರಿನಿಂದ ಸೀರೆ ಬಂದರೆ ಕಣ್ಣೆತ್ತಿ ನೋಡದ ಮನುಷ್ಯ, ಆ ಹುಲ್ಲನ್ನು ಎರಡೂ ಕೈಯಲ್ಲಿ ಕೂಸಿನ ಹಾಗೆ ಇಳಿಸಿಕೊಂಡರು.

ಹುಲ್ಲು ಚೆನ್ನಾಗಿಯೇ ಬೇರು ಹಿಡಿಯಿತು. ಬಂಗಲೆಯ ಕಾವಲಿಗಿದ್ದ ಮುದುಕ ಸಾಬರಿಗೆ ಅಪ್ಪಣೆಯಾಯಿತು: ಹಾಸಿನ ಮೇಲೆ ನರಪಿಳ್ಳೆಯೂ ಕಾಲಿಡಕೂಡದು. ಅವರು ಕೋಲು ಹಿಡಿದು ನಿಂತರು. ಸಂಜೆಯಾದರೆ ಊರೇ ಬೇಲಿಯ ಆಚೆ ನೆರೆದು ನೋಡುವುದು, ಲೊಚಗುಟ್ಟುವುದು. ನಮ್ಮ ಅತ್ತೆಗೆ ಅದೇ ದಿಗಿಲು. "ಊರ ಕಣ್ಣೆಲ್ಲಾ ನನ್ನ ಮಗನ ಮ್ಯಾಲೆ ಐತೆ" ಎಂದು ದಿನಾ ಸಂಜೆ ಮಗನನ್ನು ಹೊಸ್ತಿಲಲ್ಲಿ ನಿಲ್ಲಿಸಿ, ಬೊಗಸೆ ಕಲ್ಲುಪ್ಪು ನಿವಾಳಿಸಿ, ಸುಣ್ಣ ಅರಿಸಿನದ ನೀರಿಗೆ ಹಾಕಿ ಕದಡಿ, ತಂಬಿಗೆ ಹಿಡಿದು ಹೊರಗೆ ಹೋಗುತ್ತಿದ್ದರು.

ಸ್ವಲ್ಪ ದಿನಕ್ಕೆ ಹಾಸಿನ ಅಂಚಿನಲ್ಲಿ ತಟ್ಟೆಯಗಲ ಹಳದಿ ಕಾಣಿಸಿತು. ಆಮೇಲೆ ಅದು ಕಂದಾಯಿತು, ಆಮೇಲೆ ಬೋಳು. ಅದರ ಪಕ್ಕದಲ್ಲಿ ಇನ್ನೊಂದು. ನೋಡನೋಡುತ್ತಾ ಹಾಸು ಹುಳುಕಡ್ಡಿ ಹತ್ತಿದ ತಲೆಯ ಹಾಗಾಯಿತು.

ಯಜಮಾನರು ಗೆದ್ದಲು ಅಂದರು. ಅಗೆದರೆ ಒಂದು ಗೆದ್ದಲೂ ಇಲ್ಲ. ಬೇರಿಗೆ ಹುಳ ಅಂದರು. ಬೇವಿನ ಹಿಂಡಿ ಹಾಕಿಸಿದರು. ಮನೆಯೆಲ್ಲ ನಾತ ಹಿಡಿಯಿತು, ಬೋಳು ಹಾಗೆಯೇ ಇತ್ತು. ಕುರಿ ಉಚ್ಚೆ ಅಂದರು, ಸಾಬರಿಗೆ ಅವಮಾನವಾಯಿತು. "ಕುರಿ ಇರ್ಲಿ, ಕಾಗೇನೂ ಬಿಟ್ಟಿಲ್ರಿ. ಯಾರೂ ಕಾಲಿಟ್ಟಿಲ್ಲ, ಖುದಾ ಕಸಂ!" ಕೊನೆಗೆ ಯಜಮಾನರು ಬೋಳಿನ ಮಣ್ಣನ್ನು ಚಿಟಿಕೆ ತೆಗೆದು ನಾಲಿಗೆಗೆ ಹಚ್ಚಿ ಮುಖ ಕಿವುಚಿದರು. ಉಪ್ಪು! ನಮ್ಮ ಬಾವಿಯ ನೀರು ಸವಳು ಎಂದು ತೀರ್ಮಾನವಾಯಿತು. ಅವತ್ತಿನಿಂದ ಹುಲ್ಲಿಗೆ ದೂರದ ಸಿಹಿನೀರಿನ ಬಾವಿಯಿಂದ ಗಾಡಿಯಲ್ಲಿ ನೀರು. ನಾವು ಮಾತ್ರ ಅದೇ ಸವಳಿನಲ್ಲಿ ಬೇಳೆ ಬೇಯಿಸುತ್ತ ಕೂತೆವು, ಬೇಳೆಯೂ ಬೇಯಲಿಲ್ಲ. ನನಗೆ ಮೈಯೆಲ್ಲ ಉರಿಯಿತು. "ಮುಂದಿನ ಜನ್ಮದಾಗೆ ನಾನೂ ಗರಿಕೆಯಾಗಿ ಹುಟ್ತೀನಿ ಬಿಡ್ರಿ" ಎಂದೆ.

ಸಿಹಿನೀರು ಕುಡಿದೂ ಹುಲ್ಲು ಸಾಯುತ್ತಲೇ ಇತ್ತು. ಬೋಳು ಹೆಚ್ಚಿದಷ್ಟೂ ಅತ್ತೆಗೆ ದೃಷ್ಟಿಯ ಭಯ ಹೆಚ್ಚಿತು, ಭಯ ಹೆಚ್ಚಿದಷ್ಟೂ ಬೊಗಸೆಯ ಉಪ್ಪು ಹೆಚ್ಚಿತು.

ಸಾಹೇಬರು ಬರುವ ದಿನ ಯಜಮಾನರು ಉಪಾಯ ಹೂಡಿದರು. ಒಂದೊಂದು ಬೋಳಿನ ಮೇಲೂ ಒಂದೊಂದು ಕುರ್ಚಿ, ಎಲ್ಲಕ್ಕಿಂತ ದೊಡ್ಡದರ ಮೇಲೆ ಮೇಜು. ಬೋಳುಗಳೆಲ್ಲ ಅಂಚಿನಲ್ಲೇ ಇದ್ದದ್ದರಿಂದ ಸಾಹೇಬರು ಒಂದು ಮೂಲೆ, ಗುಮಾಸ್ತರು ಇನ್ನೊಂದು ಮೂಲೆ, ಕಂಟ್ರಾಕ್ಟರು ಮತ್ತೊಂದು ಮೂಲೆ. ಚಹಾಕ್ಕೆ ಸಕ್ಕರೆ ಸಾಕೇ ಎಂದು ಕೇಳಲೂ ಕೂಗಬೇಕು. ನಾನು ಕಿಟಕಿಯಲ್ಲಿ ನಿಂತು ಮನೆದೇವರಿಗೆ ಹರಕೆ ಹೊತ್ತೆ. "ಭೇಷ್ ಓವರ್ಸಿಯರ್! ಜಗಳೂರಲ್ಲಿ ಇಂಥ ಹಸಿರೇ!" ಎಂದರು ಸಾಹೇಬರು. ಪಕ್ಕದಲ್ಲಿ ನಿಂತಿದ್ದ ಯಜಮಾನರು ಕೈಮುಗಿದು, ವರ್ಗದ ಮಾತಿಗೆ ಬಾಯಿ ತೆರೆದರು.

ಅಷ್ಟರಲ್ಲಿ ಅತ್ತೆ ತಂಬಿಗೆ ಹಿಡಿದು ಹೊರಟೇಬಿಟ್ಟರು. ಹೊಗಳಿಕೆ ಅವರ ಕಿವಿಗೂ ಬಿದ್ದಿತ್ತಲ್ಲ. ದೊಡ್ಡವರ ಕಣ್ಣಿಗೆ ದೊಡ್ಡ ದೃಷ್ಟಿ. ಸರಸರನೆ ಮಗನಿಗೆ ಉಪ್ಪು ನಿವಾಳಿಸಿ, ತಂಬಿಗೆಗೆ ಹಾಕಿ, ಒಂದು ಹೆಜ್ಜೆಯೂ ಒಳಗಿಡದೆ ಅಂಚಿನಿಂದಲೇ ಹಾಸಿನ ಮೇಲೆ ಛಳಕ್ಕನೆ ಎರಚಿದರು. ಸಾಹೇಬರ ಬೂಟಿಗೆ ಸಿಡಿಯಿತು. ಅವರು ಧಡಕ್ಕನೆ ಎದ್ದರು. ಸಾಹೇಬರು ಎದ್ದ ಮೇಲೆ ಉಳಿದವರು ಕೂರುವುದುಂಟೆ? ಗುಮಾಸ್ತರು ಎದ್ದರು, ಕಂಟ್ರಾಕ್ಟರು ಎದ್ದರು, ಕುರ್ಚಿಗಳು ಹಿಂದೆ ಸರಿದವು, ಬೋಳುಗಳೆಲ್ಲ ಬಯಲಾದವು.

"ಏನಮ್ಮಾ ಇದು?" ಎಂದರು ಸಾಹೇಬರು.

"ದೃಷ್ಟಿ ನೀರಪ್ಪಾ. ತುಳಿದೋರಿಗೆ ಹತ್ತತೈತೆ. ಯಾರೂ ತುಳಿಯದ ಕಡೆ ಚೆಲ್ಲಬೇಕು" ಎಂದರು ಅತ್ತೆ. "ಊರಾಗೆ ಎಲ್ಲಿ ನೋಡಿದ್ರೂ ಜನ, ಕುರಿ, ಗಾಡಿ. ಯಾರೂ ತುಳಿಯದ ಜಾಗ ಅಂದ್ರೆ ಇದೊಂದೇ. ನನ್ನ ಮಗಾನೇ ಕಾವಲು ಹಾಕ್ಸ್ಯಾನೆ."

ಯಜಮಾನರು ಸಾಬರನ್ನು ನುಂಗುವ ಹಾಗೆ ನೋಡಿದರು. "ಕಾಲಿಡಬಾರ್ದು ಅಂದಿದ್ರಿ. ಅವ್ವನೋರು ಕಾಲಿಟ್ಟಿಲ್ರಿ" ಎಂದರು ಸಾಬರು.

ಸಾಹೇಬರು ಹೊಟ್ಟೆ ಹಿಡಿದು ನಕ್ಕರು. ಮೋಟಾರು ಹತ್ತುವಾಗ, "ಹಾಸು ಪೂರ್ತಿ ಆಗಲಿ ಓವರ್ಸಿಯರ್. ಅರ್ಧಕ್ಕೆ ಬಿಟ್ಟು ಎಲ್ಲಿಗೂ ಹೋಗಬೇಡಿ" ಎಂದರು. ಕೇಳುವ ಮೊದಲೇ ನಮ್ಮ ವರ್ಗದ ಕಥೆ ಮುಗಿಯಿತು.

ನಾನು ಕಿಟಕಿ ಬಿಟ್ಟು ಒಳಕೋಣೆಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಹೊರಗೆ ಬಂದಾಗ ಯಜಮಾನರು ಮೆಟ್ಟು ಹಾಕಿಕೊಂಡೇ ಹಾಸಿನ ನಟ್ಟನಡುವೆ ಕೂತಿದ್ದರು. "ಕೋಲು ಬಿಸಾಕ್ರಿ, ಎಲ್ಲಾರೂ ಬರ್ಲಿ" ಎಂದು ಸಾಬರಿಗೆ ಹೇಳಿದರು. ಬೇಲಿಯಾಚೆಯ ಜನ ನುಗ್ಗಿ ಬಂದು, ಚಕ್ಕಂಬಕ್ಕಳ ಹಾಕಿ ಕೂತು, ಎಲೆಅಡಿಕೆ ಚೀಲ ಬಿಚ್ಚಿದರು. ಗರಿಕೆ ತುಳಿದಷ್ಟೂ ಹಬ್ಬುತ್ತದೆ ಅನ್ನುತ್ತಾರೆ. ಮಳೆ ಬಿದ್ದ ಮೇಲೆ ಹಬ್ಬಿತೂ ಕೂಡ.

ಸಾಹೇಬರು ಹೋದ ಆ ಸಂಜೆ ಮಾತ್ರ ಅತ್ತೆ ತಂಬಿಗೆ ಹಿಡಿದು ಕಂಗಾಲಾಗಿ ನಿಂತಿದ್ದರು. "ಇನ್ನ ನಿನ್ನ ದೃಷ್ಟಿ ನೀರು ಎಲ್ಲಿ ಚೆಲ್ಲಲೋ?"

"ಬಿಡವ್ವಾ. ವರ್ಗಾನೂ ಹೋತು, ಹುಲ್ಲೂ ಹೋತು. ಕಣ್ಣು ಬೀಳಾಕೆ ಇನ್ನೇನೈತೆ ನನ್ನತ್ರ?"

ಅತ್ತು ಕೆಂಪಾದ ನನ್ನ ಕಣ್ಣನ್ನು ಅತ್ತೆ ನೋಡಿದರು. "ಹೊಳೆದಂಡೆ ಬಿಟ್ಟು ಈ ಬೆಂಗಾಡಿಗೆ ಬಂದೋಳು, ಅತ್ಕಂಡಾದ್ರೂ ನಿನ್ನ ಜೋಡಿ ಇದಾಳಲ್ಲೋ. ಊರ ಕಣ್ಣಿಗೆ ಇದಕ್ಕಿಂತ ಏನು ಬೇಕು?" ಎಂದು, ಸೆರಗಿನಲ್ಲಿ ಉಳಿದಿದ್ದ ಉಪ್ಪನ್ನು ನನಗೇ ನಿವಾಳಿಸತೊಡಗಿದರು. ಜಗಳೂರಿಗೆ ಬಂದ ಮೇಲೆ ಮೊದಲ ಸಲ ನಾನು ಹೊನ್ನಾಳಿಯ ಹೆಸರೆತ್ತದೆ ಸುಮ್ಮನೆ ನಿಂತೆ.