ಗಂಗಾಶ್ರೀಯ ಮಧ್ಯಾಹ್ನದ ನಿದ್ದೆ

ಗಂಗಾಶ್ರೀ ತೀರಿಕೊಂಡಳು. ಮೇ ತಿಂಗಳ ಮೊದಲ ವಾರ, ಸೊರಬ ತಾಲೂಕಿನ ಕುಬಟೂರಿನ ತವರುಮನೆಯಲ್ಲಿ, ಮಧ್ಯಾಹ್ನ ಊಟ ಮಾಡಿ ಮಲಗಿದವಳು ಏಳಲಿಲ್ಲ. ಹೃದಯ ನಿಂತುಹೋಗಿದೆ ಎಂದು ಆನವಟ್ಟಿಯಿಂದ ಬಂದ ಡಾಕ್ಟರು ಹೇಳಿದರು. ವಯಸ್ಸು ನಲವತ್ತೆರಡು.

ಸುದ್ದಿ ಕೇಳಿ ಬಂದವರೆಲ್ಲ ಹೆಚ್ಚುಕಮ್ಮಿ ಒಂದೇ ಮಾತು ಆಡಿದರು. ನರಳಲಿಲ್ಲ, ಯಾರ ಕೈಯಲ್ಲೂ ಮಾಡಿಸಿಕೊಳ್ಳಲಿಲ್ಲ, ತವರಿನಲ್ಲಿ ಮುತ್ತೈದೆಯಾಗಿ ಹೋದಳು, ಪುಣ್ಯವಂತೆ. ಅಣ್ಣನ ಹೆಂಡತಿ ವರದಮ್ಮ ಮಾತ್ರ ಗೋಡೆಗೆ ಒರಗಿ ಕೂತು, "ನಾನು ಪಕ್ಕದಲ್ಲೇ ಮಲಗಿದ್ದೆ. ನಾನೇ ಮೊದಲು ಎದ್ದೆ. ಮಲಗ್ಲಿ ಪಾಪ ಅಂತ ಎಬ್ಬಿಸ್ಲಿಲ್ಲ" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಸಮಾಧಾನ ಮಾಡಲು ಹೋದವರಿಗೂ ಅದನ್ನೇ ಹೇಳಿದಳು.

ಗಂಗಾಶ್ರೀ ಪುಣ್ಯ ಕೇಳಿದವಳಲ್ಲ. ತವರಿಗೆ ಹೋಗಿ ಒಂದು ಮಧ್ಯಾಹ್ನ, ಯಾರೂ ಎಬ್ಬಿಸದ ಹಾಗೆ, ಕಣ್ತುಂಬ ಮಲಗಬೇಕು ಎಂದು ಫೆಬ್ರವರಿಯಿಂದಲೇ ಹೇಳುತ್ತಿದ್ದಳು. ಅಷ್ಟೇ ಅವಳ ಬೇಸಿಗೆಯ ಆಸೆ.

ಶಿಕಾರಿಪುರದಲ್ಲಿ ಅವಳ ಮನೆ. ಗಂಡ ಚನ್ನೇಶನಿಗೆ ಪಂಪು, ಪೈಪುಗಳ ಅಂಗಡಿ. ಬಿಸಿಲು ಏರಿತೆಂದರೆ ಸುತ್ತಲಿನ ಹಳ್ಳಿಗಳ ಬೋರ್‌ವೆಲ್ ಮೋಟಾರುಗಳೆಲ್ಲ ಒಟ್ಟಿಗೇ ಸುಟ್ಟುಹೋಗುತ್ತಿದ್ದವು. ಬೆಳಿಗ್ಗೆ ಹೋದವನು ಊಟಕ್ಕೂ ನೆಟ್ಟಗೆ ಬರುತ್ತಿರಲಿಲ್ಲ. ಅತ್ತೆ ಹಾಲಮ್ಮನಿಗೆ ಮಂಡಿನೋವು, ಕೂತಲ್ಲಿಂದಲೇ ಮನೆ ನಡೆಸುವ ಬಾಯಿ. ದೊಡ್ಡ ಮಗಳು ಮಧುಶ್ರೀ ಎಸ್ಸೆಸ್ಸೆಲ್ಸಿ. ಚಿಕ್ಕವಳು ಮೈತ್ರಿ ನಾಲ್ಕನೇ ಕ್ಲಾಸು. ಶಾಲೆಯ ವರ್ಷ ಮುಗಿಯುತ್ತ ಬಂದಂತೆ ಶಾಲೆಯವರ ಕೆಲಸ ಹಗುರಾಗುತ್ತ ಹೋಗಿ ಗಂಗಾಶ್ರೀಯದು ಏರುತ್ತಿತ್ತು. ಪ್ರತಿ ವರ್ಷವೂ ಹಾಗೇ. ಈ ಸಲ ಅವಳಿಗೆ ಏರಿ ಏರಿ ಏದುಸಿರು ಹತ್ತಿತ್ತು.

ಮೊದಲು ಬಂದದ್ದು ವಾರ್ಷಿಕೋತ್ಸವ. ಮೈತ್ರಿ ಚಿಟ್ಟೆಯಾಗಿದ್ದಳು. ರೆಕ್ಕೆಯನ್ನು ಗಂಗಾಶ್ರೀಯೇ ರಟ್ಟಿನಲ್ಲಿ ಕತ್ತರಿಸಿ, ಹಳೆಯ ಜರಿ ಅಂಟಿಸಿ, ಎಲಾಸ್ಟಿಕ್ ಹೊಲಿದು ಕಳಿಸಿದ್ದಳು. ವೇದಿಕೆಯ ಮೇಲೆ ಒಂದು ರೆಕ್ಕೆ ಕಳಚಿ ಬಿತ್ತು. ಚಿಟ್ಟೆ ಅಳಲಿಲ್ಲ, ಬಿದ್ದ ರೆಕ್ಕೆಯನ್ನು ಕಂಕುಳಲ್ಲಿ ಇರುಕಿಕೊಂಡು ಕುಣಿತ ಮುಗಿಸಿತು. ಮನೆಗೆ ಬಂದ ಮೇಲೆ ಹಾಲಮ್ಮ, "ನಿಮ್ಮವ್ವ ಹೊಲಿದಿದ್ದು ಕಣೇ ಅದು, ಒಂದು ಕೈ ಒಲೆ ಮ್ಯಾಲೆ ಇಟ್ಕಂಡು" ಎಂದಳು. ಎಲ್ಲರೂ ನಕ್ಕರು. ಗಂಗಾಶ್ರೀಗೂ ನಗು ಬಂತು, ಯಾಕೆಂದರೆ ಅದು ನಿಜವಾಗಿತ್ತು.

ಆಮೇಲೆ ಮಧುಶ್ರೀಯ ಶಾಲೆಯ ಸೆಂಡ್ ಆಫ್. ಎಸ್ಸೆಸ್ಸೆಲ್ಸಿಯ ಹುಡುಗಿಯರೆಲ್ಲ ಅಂದು ಅಮ್ಮಂದಿರ ರೇಷ್ಮೆ ಸೀರೆ ಉಟ್ಟು ಹೋಗಬೇಕು. ಗಂಗಾಶ್ರೀ ಚೆನ್ನಾಗಿ ಉಡಿಸುತ್ತಾಳೆಂದು ಮಗಳು ಗೆಳತಿಯರಿಗೆಲ್ಲ ಹೇಳಿಬಿಟ್ಟಿದ್ದಳು. ಬೆಳಕು ಹರಿಯುವ ಹೊತ್ತಿಗೆ ನಡುಮನೆಯಲ್ಲಿ ಹುಡುಗಿಯರ ಹಿಂಡು. ಬಾಯಲ್ಲಿ ಪಿನ್ನು ಕಚ್ಚಿಕೊಂಡು, ಮಂಡಿಯೂರಿ ಒಬ್ಬೊಬ್ಬಳ ನೆರಿಗೆ ಹಿಡಿದಳು.

"ಆಂಟಿ, ನಡುವೆ ಬಿಚ್ಚಿಹೋದ್ರೆ?"

"ಇಷ್ಟೊಂದು ಪಿನ್ ಹಾಕೀನಿ. ಸಂಜೆ ಬಿಚ್ಚಾಕೇ ನಿಮಗೆ ಒಂದು ಪಿರಿಯಡ್ ಬೇಕು."

ಕೊನೆಯ ಹುಡುಗಿ ಹೋದ ಮೇಲೆ ನೆಲದಿಂದ ಏಳಲು ಹೋದಾಗ ಎಡಭುಜದಲ್ಲಿ ಏನೋ ಹಿಡಿದ ಹಾಗಾಯಿತು. ಬಾಗಿಲ ಚೌಕಟ್ಟು ಹಿಡಿದು ಸ್ವಲ್ಪ ನಿಂತಳು. ಉಳಿದ ಪಿನ್ನುಗಳನ್ನು ಆಯ್ದು ಡಬ್ಬಿಗೆ ಹಾಕಿದಳು. ಅಷ್ಟರಲ್ಲಿ ಹಾಲು ಉಕ್ಕಿತು.

ಪರೀಕ್ಷೆಯ ದಿನಗಳಲ್ಲಿ ಮಧುಶ್ರೀ ಬೆಳಗಿನ ಜಾವ ಎದ್ದು ಓದುತ್ತಿದ್ದಳು. ಪಕ್ಕದಲ್ಲಿ ಯಾರಾದರೂ ಕೂತಿರದಿದ್ದರೆ ಅವಳಿಗೆ ನಿದ್ದೆ ಬರುತ್ತಿತ್ತು. ಹಾಗಾಗಿ ಗಂಗಾಶ್ರೀ ಮೊರದಲ್ಲಿ ಹುಣಸೆಹಣ್ಣು ಹಾಕಿಕೊಂಡು ಬೀಜ ಬಿಡಿಸುತ್ತ ಕೂರುತ್ತಿದ್ದಳು. ಸುಮ್ಮನೆ ಕೂತರೆ ಹೊತ್ತು ದಂಡ, ವರ್ಷದ ಹುಣಸೆಹಣ್ಣಾದರೂ ಆಗಲಿ ಎಂದು.

"ಅಮ್ಮಾ, ತೂಕಡಿಸ್ತಿದೀಯ."

"ನಾನೇನು ಪರೀಕ್ಷೆ ಬರೀಬೇಕಾ? ನೀ ಓದೇ."

"ನೀನು ತೂಕಡಿಸಿದ್ರೆ ನಂಗೂ ಬರುತ್ತೆ."

"ಹಂಗಾರೆ ನಾಳೆಯಿಂದ ನಿಮ್ಮ ಅಜ್ಜಿನ ಕೂರಿಸ್ತೀನಿ. ಅವರು ಮಲಗೋದೂ ಇಲ್ಲ, ಮಲಗಾಕೆ ಬಿಡೋದೂ ಇಲ್ಲ."

ಒಳಗಿನ ಕೋಣೆಯಿಂದ ಹಾಲಮ್ಮನ ದನಿ ಬಂತು: "ಕೇಳಿಸ್ತು."

ಭುಜದ ನೋವು, ಮೆಟ್ಟಿಲು ಹತ್ತಿದರೆ ಏದುಸಿರು. ಒಂದು ದಿನ ಚನ್ನೇಶನಿಗೆ ಹೇಳಿದಳು. ಅವನು ಮೆಡಿಕಲ್ ಶಾಪಿನಿಂದ ಗ್ಯಾಸಿನ ಮಾತ್ರೆ ತಂದುಕೊಟ್ಟ.

"ಗ್ಯಾಸ್ ಇರ್ಬೇಕು ಕಣೇ. ಹೊತ್ತಿಗೆ ಸರಿಯಾಗಿ ಉಣ್ಣು ಅಂದ್ರೆ ಕೇಳಲ್ಲ ನೀನು."

"ಮಾತ್ರೆ ಜೊತೆ ಉಣ್ಣಾಕೆ ಒಂದಿಷ್ಟು ಹೊತ್ತೂ ತಂದುಬಿಡ್ರಿ ಅಂಗಡಿಯಿಂದ."

ಅವನು ನಕ್ಕ. ಆಮೇಲೆ ಮುಖ ನೋಡಿ, "ಒಂದ್ಸಲ ಶಿವಮೊಗ್ಗಕ್ಕೆ ಹೋಗಿ ತೋರಿಸ್ಕಂಡು ಬರಾಣ" ಎಂದ.

"ಇವಳ ರಿಸಲ್ಟ್ ಬರ್ಲಿ. ಆಮೇಲೆ ನೋಡಿದ್ರಾಯ್ತು."

ತೋರಿಸಿಕೊಳ್ಳುವುದೂ ಅವಳ ಲೆಕ್ಕದಲ್ಲಿ ಇನ್ನೊಂದು ಕೆಲಸವೇ. ಉಳಿದ ಕೆಲಸಗಳ ಹಿಂದೆ ಅದೂ ಸರದಿಯಲ್ಲಿ ನಿಂತಿತು.

ಏಪ್ರಿಲ್‌ನಲ್ಲಿ ಮೈತ್ರಿ ಪಾಸಾಗಿ ಬಂದಳು. ಬಂದವಳನ್ನು ಬೇಸಿಗೆ ಶಿಬಿರಕ್ಕೆ ಸೇರಿಸಿದರು. ದಿನಾ ಒಂದೊಂದು ತರಲು ಹೇಳುತ್ತಿದ್ದರು: ಖಾಲಿ ಬಾಟಲಿ, ಹಳೇ ಪೇಪರು, ಒಂದು ದಿನ ಹಿಡಿ ಮರಳು. ಮಗುವನ್ನು ಬಿಟ್ಟು ಬಂದು ಮೆಣಸಿನಕಾಯಿ ಒಣಹಾಕಿ, ಮತ್ತೆ ಕರೆತರಲು ಹೋಗಬೇಕು. ಅದೇ ವಾರ ನಾದಿನಿ ಧನಲಕ್ಷ್ಮಿ ರಾಣೆಬೆನ್ನೂರಿನಿಂದ ಎರಡು ಮಕ್ಕಳನ್ನು ಕರೆದುಕೊಂಡು ತವರಿಗೆ ಬಂದಳು. ಮಾವಿನಹಣ್ಣಿನ ಸೀಕರಣೆ, ಹೋಳಿಗೆ. ಧನಲಕ್ಷ್ಮಿ ಕೆಟ್ಟವಳಲ್ಲ. ಬಂದ ದಿನ, "ಅತ್ತಿಗೆ, ನಾನೇನಾದ್ರೂ ಮಾಡ್ಲಾ?" ಎಂದು ಕೇಳಿಯೇ ಮಲಗಿದಳು.

"ಮಲ್ಕ ಮಗಳೇ" ಎಂದಳು ಹಾಲಮ್ಮ. "ಅಲ್ಲಿ ಮಾಡಿ ಮಾಡಿ ಸೊರಗೀಯ. ಇಲ್ಲಿ ಬಂದಾದ್ರೂ ಮಲ್ಕ."

ಗಂಗಾಶ್ರೀ ಆಗ ಸಂಡಿಗೆಯ ಹಿಟ್ಟನ್ನು ಮಹಡಿಗೆ ಹೊರುತ್ತಿದ್ದಳು. ಅಕ್ಕಿಹಿಟ್ಟಿನ ಗಂಜಿಯನ್ನು ತಳ ಹತ್ತದ ಹಾಗೆ ತಿರುವಿ ತಿರುವಿ ತೋಳು ಸೋತಿತ್ತು. ಮೆಟ್ಟಿಲ ನಡುವೆ ಪಾತ್ರೆ ಕೆಳಗಿಟ್ಟು ಕೂತಳು. ಒಳಗಿನಿಂದ ಫ್ಯಾನಿನ ಸದ್ದು ಬರುತ್ತಿತ್ತು, ಧನಲಕ್ಷ್ಮಿಯ ಸಣ್ಣ ಗೊರಕೆಯೂ. ಗಂಗಾಶ್ರೀಗೆ ಹೊಟ್ಟೆಕಿಚ್ಚಾಗಲಿಲ್ಲ. ಆ ಗೊರಕೆಯ ರುಚಿ ಅವಳಿಗೆ ಗೊತ್ತಿತ್ತು.

ಅವ್ವ ಇದ್ದಾಗ ಅವಳೂ ಹೀಗೇ ಕುಬಟೂರಿಗೆ ಹೋಗಿ ಮಲಗುತ್ತಿದ್ದಳು. ಅವ್ವ ಹೋದ ಮೇಲಿನ ಮೊದಲ ಬೇಸಿಗೆಯಲ್ಲೂ ಹೋದಳು, ಮಲಗಿದಳು. ಎದ್ದು ಹಿತ್ತಿಲಿಗೆ ಬಂದಾಗ ವರದಮ್ಮ ಒಬ್ಬಳೇ ಪಾತ್ರೆಯ ರಾಶಿಯ ಮುಂದೆ ಕೂತಿದ್ದಳು. ಪಾತ್ರೆ ಉಜ್ಜುತ್ತ ಉಜ್ಜುತ್ತ ಅತ್ತಿಗೆಯ ಕಣ್ಣು ಮುಚ್ಚಿಹೋಗುತ್ತಿತ್ತು, ಕೈ ಮಾತ್ರ ಆಡುತ್ತಿತ್ತು. ಗಂಗಾಶ್ರೀ ಅಲ್ಲೇ ನಿಂತುಬಿಟ್ಟಳು. ಧನಲಕ್ಷ್ಮಿ ಬಂದಾಗ ತಾನು ಹೇಗೆ ಕಾಣುತ್ತೇನೆಂದು ಅವಳು ಅದುವರೆಗೆ ನೋಡಿರಲಿಲ್ಲ. ಅಂದು ನೋಡಿದಳು. ಆಮೇಲೆ ಅವಳಿಗೆ ತವರಿನಲ್ಲಿ ನಿದ್ದೆ ಹತ್ತಲಿಲ್ಲ. ಹಬ್ಬಕ್ಕೋ ಮದುವೆಗೋ ಹೋದರೂ ಸಂಜೆಯ ಬಸ್ಸಿಗೆ ವಾಪಸ್ಸು. ಪ್ರತಿ ಬೇಸಿಗೆ ವರದಮ್ಮ ಫೋನು ಮಾಡಿ ಕರೆಯುತ್ತಿದ್ದಳು. ಇವಳು ಒಂದೊಂದು ನೆಪ ಹೇಳುತ್ತಿದ್ದಳು. ತಾನು ಮಲಗಬೇಕಾದರೆ ಅಲ್ಲಿ ಒಬ್ಬಳು ಎಚ್ಚರ ಇರಬೇಕಲ್ಲ ಎಂಬುದನ್ನು ಮಾತ್ರ ಅತ್ತಿಗೆಗೆ ಯಾವತ್ತೂ ಹೇಳಲಿಲ್ಲ.

ಮೆಟ್ಟಿಲ ಮೇಲೆ ಕೂತಿದ್ದ ಅಮ್ಮನನ್ನು ಅಂದು ಮಧುಶ್ರೀ ನೋಡಿದಳು. ಪಾತ್ರೆ ಎತ್ತಿಕೊಂಡು ಮಹಡಿಗೆ ಹೋದಳು.

ಎಸ್ಸೆಸ್ಸೆಲ್ಸಿ ರಿಸಲ್ಟು ಬಂತು. ಮಧುಶ್ರೀ ಫಸ್ಟ್ ಕ್ಲಾಸು. ಚನ್ನೇಶ ಅಂಗಡಿಯವರಿಗೆಲ್ಲ ಪೇಡ ಹಂಚಿದ. ಧನಲಕ್ಷ್ಮಿ ಹೊಸ ಚೂಡಿದಾರ ಕೊಡಿಸಿ ಊರಿಗೆ ಹೊರಟಳು. ಮಗಳು ಫೋನು ಹಿಡಿದು ಹಿತ್ತಿಲಿಗೆ ಹೋಗಿದ್ದನ್ನು ಗಂಗಾಶ್ರೀ ಗಮನಿಸಿದಳು, ಗೆಳತಿಯರಿಗೆ ಇರಬೇಕು ಎಂದುಕೊಂಡಳು. ಎರಡು ದಿನ ಬಿಟ್ಟು ಬೆಳಿಗ್ಗೆ ಅಣ್ಣ ಪರಮಶಿವಪ್ಪ ಹಲಸಿನಹಣ್ಣು ಹೊತ್ತು ಬಾಗಿಲಲ್ಲಿ ನಿಂತಾಗ ಗೊತ್ತಾಯಿತು.

"ನಿನ್ನ ಮಗಳು ಆರ್ಡರ್ ಮಾಡ್ಯಾಳೆ. ಹೊರಡು."

"ಅಯ್ಯೋ ಅಣ್ಣಾ, ಮಹಡಿ ಮೇಲೆ ಸಂಡಿಗೆ ಐತೆ. ಇನ್ನೂ ಒಣಗಿಲ್ಲ."

"ಸಂಡಿಗೆ ಒಣಗಾಕೆ ಬಿಸಿಲು ಬೇಕು, ನೀ ಯಾಕೆ?" ಎಂದಳು ಹಾಲಮ್ಮ. "ಹೋಗಿ ಬಾ. ಹತ್ತು ವರ್ಷ ಆತು, ತವರಿಗೆ ಹೋಗಿ ಒಂದು ದಿನ ನಿಂತಿಲ್ಲ. ನಾನು ಕಳಿಸ್ತಿಲ್ಲ ಅಂತ ಊರಾಗೆ ನನ್ನ ಹೆಸರು ಕೆಟ್ಟೈತೆ."

"ನಿಮಗೆ ಊಟ, ಕಷಾಯ?"

"ಅಮ್ಮಾ, ನಾನಿದೀನಿ" ಎಂದಳು ಮಧುಶ್ರೀ. "ಅನ್ನ ಮಾಡಾಕೆ ಫಸ್ಟ್ ಕ್ಲಾಸ್ ಸಾಕಾಗಲ್ವಾ?"

ಮೈತ್ರಿ ಅಷ್ಟರಲ್ಲಿ ಚೀಲಕ್ಕೆ ಬಟ್ಟೆ ತುರುಕಿ ಮಾವನ ಬೆರಳು ಹಿಡಿದು ನಿಂತಿದ್ದಳು. ಮೂವರೂ ಅಣ್ಣನ ಕಾರಿನಲ್ಲಿ ಹೊರಟರು. ಶಿರಾಳಕೊಪ್ಪ ದಾಟುವ ಮೊದಲೇ ಗಂಗಾಶ್ರೀಯ ತಲೆ ಕಾರಿನ ಕಿಟಕಿಗೆ ಒರಗಿತು. ಕಾರು ನಿಂತರೆ ಎದ್ದುಬಿಟ್ಟಾಳೆಂದು ಪರಮಶಿವಪ್ಪ ಎಲ್ಲೂ ನಿಲ್ಲಿಸಲಿಲ್ಲ.

ಕುಬಟೂರಿನಲ್ಲಿ ಇಳಿದವಳು ಕೈಕಾಲು ತೊಳೆದು ನೇರ ಅಡುಗೆಮನೆಗೆ ಹೋದಳು. ವರದಮ್ಮ ರೊಟ್ಟಿ ಬಡಿಯುತ್ತಿದ್ದಳು. ಇವಳು ಸೆರಗು ಸಿಕ್ಕಿಸಿ ಪಕ್ಕದಲ್ಲಿ ಕೂತು ಹಿಟ್ಟಿನ ಉಂಡೆಗೆ ಕೈ ಹಾಕಿದಳು. ವರದಮ್ಮ ಕೈಗೆ ಒಂದೇಟು ಕೊಟ್ಟಳು.

"ಏಳೇ ಮಾರಾಯ್ತಿ. ನಿನ್ನ ನಾದಿನಿ ಬಂದಾಗ ನಿನ್ನ ಮನೆಯಾಗೆ ರೊಟ್ಟಿ ಬಡಿತಾಳಾ?"

"ಇಲ್ಲ."

"ಮತ್ತೆ? ನಾನೇನು ನಿನಗಿಂತ ಕಡಿಮೆ ಅತ್ತಿಗೆನಾ?"

"ಕಡಿಮೆ ಅಲ್ಲ ಅಂತಲೇ ಇಷ್ಟು ವರ್ಷ ಬರ್ಲಿಲ್ಲ ನಾನು."

ವರದಮ್ಮನ ಕೈ ರೊಟ್ಟಿಯ ಮೇಲೆ ನಿಂತಿತು. ಗಂಗಾಶ್ರೀ ಅವತ್ತು ಮೊದಲ ಬಾರಿಗೆ ಹೇಳಿದಳು, ಹಿತ್ತಿಲಿನ ಪಾತ್ರೆಯ ರಾಶಿ, ಮುಚ್ಚಿಹೋಗುತ್ತಿದ್ದ ಕಣ್ಣು, ಎಲ್ಲ. ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ಅತ್ತಿಗೆ ಅದನ್ನು ಎತ್ತಿ ಬದಿಗಿಟ್ಟು, "ಇಷ್ಟಕ್ಕೆ ಹತ್ತು ಬೇಸಿಗೆ ಕಳೆದೆಯಾ? ಹುಚ್ಚಿ" ಎಂದಳು. ಆದರೆ ಆಮೇಲೆ ಒಂದು ಉಂಡೆ ಇವಳ ಕಡೆ ಸರಿಸಿದಳು. ಇಬ್ಬರೂ ಸೇರಿ ಬಡಿದರು.

ಊಟವಾಯಿತು. ಮೈತ್ರಿ ಮಾವನ ಮಕ್ಕಳ ಜೊತೆ ಮಾವಿನಮರದ ಕೆಳಗೆ ಓಡಿದಳು. ವರದಮ್ಮ ನಡುಮನೆಯ ತಣ್ಣನೆ ನೆಲದ ಮೇಲೆ ಚಾಪೆ ಹಾಸಿದಳು. ಹಾಸಿಗೆ, ದಿಂಬುಗಳನ್ನೆಲ್ಲ ಬೆಳಿಗ್ಗೆಯೇ ಬಿಸಿಲಿಗೆ ಹಾಕಿದ್ದಳು. ಮನೆಯೊಳಗೆ ಉಳಿದದ್ದು ಒಂದೇ ದಿಂಬು. ಅದನ್ನು ತಂದು ಚಾಪೆಯ ಮೇಲಿಟ್ಟಳು.

"ಮಲ್ಕ. ಕಾಫಿಗೂ ಎಬ್ಬಿಸಲ್ಲ. ತಾನಾಗೇ ಎದ್ದಾಗ ಏಳು."

"ಪಾತ್ರೆ?"

"ನಾನಿಲ್ವಾ?"

ಗಂಗಾಶ್ರೀ ಅವಳ ಕೈ ಹಿಡಿದು ಚಾಪೆಗೆ ಎಳೆದಳು. "ನೀವೂ ಮಲಗಿದ್ರೆ ನಾನು ಮಲಗ್ತೀನಿ. ಇಲ್ಲಂದ್ರೆ ಈಗಲೇ ಬಸ್ಸು ಹತ್ತೀನಿ."

"ಹಗಲು ಹೊತ್ತು ನಾನು ಮಲಗಿದ್ದು ಬಾಣಂತಿ ಆದಾಗ, ಕೊನೇದು. ನಿನ್ನ ಅಣ್ಣನ ಕಾಫಿ?"

"ಅಣ್ಣನೇ ಮಾಡ್ಕಳ್ಳಿ."

"ಅವರಿಗೆ ಗ್ಯಾಸ್ ಹಚ್ಚಾಕೆ ಬರಲ್ಲ ಮಾರಾಯ್ತಿ."

ಜಗಲಿಯಿಂದ ಪರಮಶಿವಪ್ಪ, "ಬರುತ್ತೆ, ಬರುತ್ತೆ. ಮಲ್ಕಳ್ರಿ ಇಬ್ಬರೂ" ಎಂದು ಕೂಗಿದ. ಇಬ್ಬರೂ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. ವರದಮ್ಮ ಚಾಪೆಯ ಅಂಚಿನಲ್ಲಿ, ಕರೆದರೆ ತಟ್ಟನೆ ಏಳುವವಳ ಹಾಗೆ, ಒಂದು ಮಗ್ಗುಲಿಗೆ ಒರಗಿದಳು. ಗಂಗಾಶ್ರೀ ದಿಂಬನ್ನು ಅತ್ತಿಗೆಯ ತಲೆಯ ಕೆಳಗೆ ತಳ್ಳಿ, ತನ್ನ ಬಲಗೈಯನ್ನು ಮಡಚಿ ತಲೆಗೆ ಇಟ್ಟುಕೊಂಡು, ಕಣ್ಣು ಮುಚ್ಚಿದಳು.